ನೂತನ ವಸ್ತುಗಳು ಮತ್ತು ಪರಿಸರ: ಅಪಾಯವನ್ನು ಅಳೆಯುವವರು ಯಾರು?

ಬೆಳ್ಳಿ ನಮ್ಮವರಿಗೆ ಹೊಸದಲ್ಲ. ಬೆಳ್ಳಿಯ ಒಳಲೆಯಲ್ಲಿ ಹಾಲು ಕುಡಿದು, ಬೆಳ್ಳಿಯ ಬಟ್ಟಲಿನಲ್ಲಿ ಅನ್ನಪ್ರಾಶನ ಮಾಡಿಸಿಕೊಂಡು ಬೆಳೆದವರು ನಮ್ಮಲ್ಲಿ ಅನೇಕರು. ಊರು ಬಿಟ್ಟು ಮಹಾನಗರಗಳಿಗೆ ಬಂದು ನೆಲಸಿದ ಮೇಲೂ ದೇವರ ಮನೆಯ ಬೆಳ್ಳಿಯ ದೀಪವನ್ನು ನಾವು ಬಿಟ್ಟಿಲ್ಲ. ಆದರೆ ಕಳೆದ ಎರಡು ದಶಕಗಳಲ್ಲಿ ಇನ್ನೊಂದು ಬಗೆಯ ಬೆಳ್ಳಿ, ಕಣ್ಣಿಗೆ ಕಾಣದ ಬೆಳ್ಳಿ, ಸದ್ದಿಲ್ಲದೆ ನಮ್ಮ ಮನೆಗಳನ್ನು ಪ್ರವೇಶಿಸಿದೆ. ದುರ್ವಾಸನೆ ಬಾರದ ಕಾಲುಚೀಲಗಳಲ್ಲಿ, ನೀರಿನ ಫಿಲ್ಟರುಗಳಲ್ಲಿ, ಸುಟ್ಟ ಗಾಯಕ್ಕೆ ಹಾಕುವ ಪಟ್ಟಿಗಳಲ್ಲಿ ಈ ಬೆಳ್ಳಿಯನ್ನು ಬಳಸಲಾಗುತ್ತಿದೆ. ಇದಕ್ಕೆ ನ್ಯಾನೋ ಬೆಳ್ಳಿ ಎಂದು ಹೆಸರು.

ಇಂಥ ಹೊಸ ವಸ್ತುವೊಂದು ಪೇಟೆಗೆ ಬರುವ ಮೊದಲು, ಅದರಿಂದ ನೀರಿಗೆ, ನೆಲಕ್ಕೆ, ಜೀವಿಗಳಿಗೆ ಕೇಡಾಗಬಹುದೇ ಎಂಬುದನ್ನು ಯಾರಾದರೂ ತೂಗಿ ನೋಡಬೇಕಷ್ಟೆ? ಆ ತೂಗುವ ಕೆಲಸ ಯಾರದು? ವಿಜ್ಞಾನಿಗಳದು ಎಂದು ಥಟ್ಟನೆ ಉತ್ತರಿಸುತ್ತೇವೆ. ಉತ್ತರ ಸರಿಯೇ, ಆದರೆ ಪೂರ್ಣವಲ್ಲ. ಆ ವಸ್ತುವಿನೊಡನೆ ದಿನವೂ ಬಾಳಬೇಕಾದವರನ್ನು ಮೊದಲೇ ಕೇಳದಿದ್ದರೆ ವಿಜ್ಞಾನಿಯ ಲೆಕ್ಕವೂ ತಪ್ಪುತ್ತದೆ ಎಂಬುದನ್ನು ಕಳೆದ ಶತಮಾನದ ಅನುಭವ ಮತ್ತೆ ಮತ್ತೆ ತೋರಿಸಿಕೊಟ್ಟಿದೆ. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಚಿಕ್ಕದಾದಷ್ಟೂ ಚುರುಕು

ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ನ್ಯಾನೋ ಕಣಗಳೆಂದು ಕರೆಯುತ್ತಾರೆ.

ಗಾತ್ರ ಕಿರಿದಾದರೆ ಗುಣವೇಕೆ ಬದಲಾಗಬೇಕು? ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಬೆಳ್ಳಿಯ ತುಂಡೊಂದನ್ನು ಊಹಿಸಿಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತಾರ 6 ಚದರ ಸೆಂಟಿಮೀಟರ್. ಅದೇ ತುಂಡನ್ನು 10 ನ್ಯಾನೋಮೀಟರ್ ಗಾತ್ರದ ಘನಗಳಾಗಿ ಒಡೆದರೆ ಎಲ್ಲ ಮುಖಗಳ ವಿಸ್ತಾರ ಸೇರಿ 600 ಚದರ ಮೀಟರ್ ಆಗುತ್ತದೆ. ಬೆಳ್ಳಿ ಅಷ್ಟೇ; ಆದರೆ ನೀರು ಗಾಳಿಗಳಿಗೆ ತಾಗುವ ಅದರ ಮೈ ಹತ್ತು ಲಕ್ಷ ಪಾಲು ಹೆಚ್ಚಿತು. ಆ ಮೈಯಿಂದ ಬೆಳ್ಳಿಯ ವಿದ್ಯುದಾವಿಷ್ಟ ಕಣಗಳು, ಅಂದರೆ ಅಯಾನುಗಳು, ನೀರಿಗೆ ಬಿಡುಗಡೆಯಾಗುತ್ತವೆ. ಸೂಕ್ಷ್ಮಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಇವೇ. ಕಾಲುಚೀಲ ನಾರದಿರುವ ಗುಟ್ಟು ಇದು.

ಆದರೆ ಬೆಳ್ಳಿಯ ಅಯಾನಿಗೆ ನಮ್ಮ ಕಾಲಿನ ಬ್ಯಾಕ್ಟೀರಿಯಾ ಯಾವುದು, ಹೊಳೆಯನ್ನು ಶುದ್ಧಗೊಳಿಸುವ ಬ್ಯಾಕ್ಟೀರಿಯಾ ಯಾವುದು ಎಂಬ ಭೇದ ತಿಳಿಯದು. ಮೀನುಗಳಿಗೂ ನೀರಿನ ಕಿರುಜೀವಿಗಳಿಗೂ ಅದು ಬಲವಾದ ವಿಷ. ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ವಿಷಗುಣ ಬೇರೆ, ಅಪಾಯ ಬೇರೆ

ಒಂದು ವಸ್ತುವಿನ ವಿಷಗುಣ ಒಂದು. ಅದರಿಂದ ಒದಗುವ ಅಪಾಯ ಇನ್ನೊಂದು. ಬೀಗ ಹಾಕಿದ ಕಪಾಟಿನಲ್ಲಿರುವ ಆಸಿಡ್ ಬಾಟಲಿಗೆ ವಿಷಗುಣ ಪೂರ್ಣವಾಗಿದೆ, ಅಪಾಯ ಬಹಳ ಕಡಿಮೆ. ಅದೇ ಬಾಟಲಿ ಮಕ್ಕಳ ಕೈಗೆಟಕುವ ಬಚ್ಚಲಿನ ಮೂಲೆಯಲ್ಲಿದ್ದರೆ ವಿಷಗುಣ ಹೆಚ್ಚಾಗಲಿಲ್ಲ, ಅಪಾಯ ನೂರ್ಮಡಿಯಾಯಿತು. ಆದ್ದರಿಂದ ಅಪಾಯವನ್ನು ಅಳೆಯಲು ಎರಡು ಸಂಗತಿಗಳು ತಿಳಿದಿರಬೇಕು: ವಸ್ತು ಎಷ್ಟು ಕೆಟ್ಟದ್ದು ಎಂಬುದು ಒಂದು, ಅದು ಯಾರಿಗೆ, ಎಲ್ಲಿ, ಎಷ್ಟು ತಾಗುತ್ತದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಪ್ರಯೋಗಶಾಲೆ ಉತ್ತರ ಕೊಡಬಲ್ಲುದು. ಎರಡನೆಯದರ ಉತ್ತರವಿರುವುದು ಬೀದಿಯಲ್ಲಿ, ಬಚ್ಚಲಿನಲ್ಲಿ, ಗದ್ದೆಯಲ್ಲಿ.

ನಮ್ಮ ಕಾಲುಚೀಲದ ಬೆಳ್ಳಿಯನ್ನೇ ಹಿಂಬಾಲಿಸೋಣ. ಅಮೆರಿಕದ ಆರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಬೆಳ್ಳಿ ಸೇರಿಸಿದ ಕಾಲುಚೀಲಗಳನ್ನು ನೀರಿನಲ್ಲಿ ಅದ್ದಿ ತೊಳೆದು ನೋಡಿದರು. ಕೆಲವು ಚೀಲಗಳು ನಾಲ್ಕಾರು ತೊಳೆತಗಳಲ್ಲಿಯೇ ತಮ್ಮ ಬೆಳ್ಳಿಯನ್ನೆಲ್ಲ ಬಹುಪಾಲು ಕಳೆದುಕೊಂಡವು. ಕೆಲವು ಬಿಡಲೇ ಇಲ್ಲ. ಅವರು ಬಳಸಿದ್ದು ಶುದ್ಧ ಜಲ. ಮುಂಬಯಿಯ ಮಹಾಲಕ್ಷ್ಮಿಯ ಧೋಬಿ ಘಾಟಿನಲ್ಲಿ ಬಟ್ಟೆಯನ್ನು ಸಾಬೂನು ಸೋಡಗಳಲ್ಲಿ ನೆನೆಸಿ ಕಲ್ಲಿಗೆ ಬಡಿಯುತ್ತಾರೆ. ಬ್ಲೀಚು ಬೆರೆತಾಗ ಬೆಳ್ಳಿ ಹೊರಬರುವ ರೀತಿ ಬದಲಾಗುತ್ತದೆಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 2009ರಲ್ಲಿ ತೋರಿಸಿದರು. ಹಾಗಿದ್ದ ಮೇಲೆ, ನಮ್ಮ ನಗರದ ಬಟ್ಟೆ ಹೇಗೆ ತೊಳೆಯಲ್ಪಡುತ್ತದೆಂದು ಅಗಸರನ್ನು ಕೇಳದೆ ನಮ್ಮ ಚರಂಡಿಗೆ ಸೇರುವ ಬೆಳ್ಳಿಯ ಲೆಕ್ಕ ಸಿಕ್ಕೀತೇ?

ಮುಂದೆ ಆ ನೀರು ಎಲ್ಲಿಗೆ ಹೋಗುತ್ತದೆ? ಶುದ್ಧೀಕರಣ ಸ್ಥಾವರವನ್ನು ಸೇರಿದರೆ, ಅಲ್ಲಿನ ಗಂಧಕದೊಡನೆ ಕೂಡಿ ಬೆಳ್ಳಿಯ ಬಹುಭಾಗ ಸಿಲ್ವರ್ ಸಲ್ಫೈಡ್ ಆಗುತ್ತದೆ. ಇದರ ವಿಷಗುಣ ಬಹಳ ಕಡಿಮೆ. ಇದು ಸಮಾಧಾನದ ಸಂಗತಿ. ಆದರೆ ಇದು ತಳದ ಗಸಿಯಲ್ಲಿ ನಿಲ್ಲುತ್ತದೆ. ಆ ಗಸಿ ಗೊಬ್ಬರವಾಗಿ ಹೊಲಕ್ಕೆ ಹೋದರೆ ಅದರೊಡನೆ ಬೆಳ್ಳಿಯೂ ಹೋಯಿತು. ಸ್ಥಾವರವನ್ನೇ ಸೇರದೆ ನೇರವಾಗಿ ನಾಲೆಗೆ, ಖಾರಿಗೆ ಬೀಳುವ ನೀರಿನ ಕಥೆ ಬೇರೆಯೇ. ಯಾವ ಬಡಾವಣೆಯ ನೀರು ಎಲ್ಲಿಗೆ ಬೀಳುತ್ತದೆಂಬುದನ್ನು ನಕ್ಷೆಗಿಂತ ಚೆನ್ನಾಗಿ ಬಲ್ಲವನು ಚರಂಡಿಯ ಕೆಲಸಗಾರ. ಖಾರಿಯಲ್ಲಿ ಯಾವ ಮೀನು ಕಡಿಮೆಯಾಯಿತೆಂದು ಬಲ್ಲವನು ಮೀನುಗಾರ.

ಕಲ್ನಾರಿನ ಪಾಠ

ಹಿಂದೆ ಹೀಗೆ ಕೇಳದೆ ಹೋದುದರ ಫಲವೇನು? ಅತ್ಯಂತ ದುಬಾರಿಯಾದ ಉದಾಹರಣೆ ಆಸ್ಬೆಸ್ಟಾಸ್, ನಮ್ಮ ಭಾಷೆಯ ಕಲ್ನಾರು. ಬೆಂಕಿಗೆ ಸುಡದ, ಮಳೆಗೆ ಕೊಳೆಯದ, ಅಗ್ಗದ ವಸ್ತು. ಒಂದು ಕಾಲದಲ್ಲಿ ಇದೂ ವಿಜ್ಞಾನದ ವರವೆನಿಸಿತ್ತು.

1898ರಲ್ಲಿಯೇ ಬ್ರಿಟನ್ನಿನ ಕಾರ್ಖಾನೆ ಇನ್‌ಸ್ಪೆಕ್ಟರ್ ಲೂಸಿ ಡೀನ್ ಎಂಬ ಮಹಿಳೆ, ಕಲ್ನಾರಿನ ಧೂಳು ಕಾರ್ಮಿಕರ ಆರೋಗ್ಯಕ್ಕೆ ಹಾನಿಕರವೆಂದು ತಮ್ಮ ವರದಿಯಲ್ಲಿ ಬರೆದರು. ಕೆಮ್ಮಿ ಕೆಮ್ಮಿ ಸಾಯುತ್ತಿದ್ದ ಕಾರ್ಮಿಕರಿಗೆ ಅದು ಮೊದಲೇ ತಿಳಿದಿತ್ತು. ಧೂಳನ್ನು ಹತೋಟಿಯಲ್ಲಿಡುವ ನಿಯಮ ಬ್ರಿಟನ್ನಿನಲ್ಲಿ ಬಂದುದು 1931ರಲ್ಲಿ. ಎಲ್ಲ ಬಗೆಯ ಕಲ್ನಾರಿಗೂ ನಿಷೇಧ ಬಂದುದು 1999ರಲ್ಲಿ. ಮೊದಲ ಎಚ್ಚರಿಕೆಗೂ ಕೊನೆಯ ತೀರ್ಮಾನಕ್ಕೂ ನಡುವೆ 101 ವರ್ಷಗಳು. ಕಲ್ನಾರಿನಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು ಹಲವು ದಶಕಗಳೇ ಬೇಕಾಗುವುದರಿಂದ ನಿಷೇಧದ ನಂತರವೂ ಸಾವುಗಳು ನಿಲ್ಲಲಿಲ್ಲ.

1965ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಕಟುಸತ್ಯವನ್ನು ಹೊರಗೆಡಹಿತು. ಶ್ವಾಸಕೋಶದ ಹೊರಪೊರೆಗೆ ಬರುವ ಈ ಕ್ಯಾನ್ಸರಿಗೆ ತುತ್ತಾದವರಲ್ಲಿ ಕಾರ್ಖಾನೆಯ ಒಳಗೆ ಕಾಲಿಡದವರೂ ಇದ್ದರು. ಕೆಲವರು ಕಾರ್ಮಿಕರ ಧೂಳು ಹಿಡಿದ ಬಟ್ಟೆಗಳನ್ನು ಮನೆಯಲ್ಲಿ ಒಗೆಯುತ್ತಿದ್ದ ಹೆಂಗಸರು. ಕೆಲವರು ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸಿಸಿದ್ದವರು. ಕಾರ್ಖಾನೆಯ ಯಾವ ಲೆಕ್ಕಪುಸ್ತಕದಲ್ಲಿಯೂ ಈ ಗೃಹಿಣಿಯರ ಹೆಸರಿರಲಿಲ್ಲ. ಸಂಬಂಧಪಟ್ಟವರ ಪಟ್ಟಿಯಲ್ಲಿ ಸೇರದವರೂ ದೊಡ್ಡ ಬೆಲೆ ತೆತ್ತರು.

ನಮ್ಮ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಕಾರ್ಮಿಕನ ಆರೋಗ್ಯವು ಅವನ ಜೀವಿಸುವ ಹಕ್ಕಿನ ಭಾಗವೆಂದು ಸಾರಿ, ಕಲ್ನಾರು ಉದ್ಯಮಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕೆಂದು ಆದೇಶಿಸಿತು. ಅದೊಂದು ಮಹತ್ವದ ತೀರ್ಪು. ಆದರೆ ಚಾಳಿನ, ಗೋದಾಮಿನ, ಶಾಲೆಯ ಸೂರಿಗೆ ಹೊದಿಸಿದ ಶೀಟುಗಳನ್ನು ಒಡೆಯುವವರ, ಗರಗಸದಿಂದ ಕೊಯ್ಯುವವರ ದಾಖಲೆಯನ್ನು ಇಡುವವರು ಯಾರು?

ಕುರಿಗಾಹಿಗಳಿಗೆ ತಿಳಿದಿದ್ದುದು

ಸಾಮಾನ್ಯರ ಮಾತಿಗೆ ಕಿವಿಗೊಡಬೇಕೆಂಬುದು ಕೇವಲ ನ್ಯಾಯದ ಪ್ರಶ್ನೆಯಲ್ಲ. ವಿಜ್ಞಾನ ಸರಿಯಾಗಿರಬೇಕಾದರೂ ಅದು ಅಗತ್ಯ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಗಾಳಿಯೊಡನೆ ಬಂದ ವಿಕಿರಣಶೀಲ ಸೀಸಿಯಂ, ಮಳೆಯ ಮೂಲಕ ವಾಯವ್ಯ ಇಂಗ್ಲೆಂಡಿನ ಕಂಬ್ರಿಯಾ ಪ್ರಾಂತದ ಗುಡ್ಡಗಳಿಗೆ ಇಳಿಯಿತು. ಅಲ್ಲಿ ಮೇಯುವ ಕುರಿಗಳ ಮಾರಾಟವನ್ನು ಸರಕಾರ ತಡೆಹಿಡಿಯಿತು. ನಿರ್ಬಂಧ ಮೂರು ವಾರಗಳಷ್ಟೇ ಎಂದು ಪ್ರಕಟಣೆ ಹೊರಟಿತು. ಏಕೆಂದರೆ ಜೇಡಿಮಣ್ಣು ಸೀಸಿಯಮ್ಮನ್ನು ಕಟ್ಟಿಹಾಕುತ್ತದೆ, ಹುಲ್ಲಿಗೆ ಬಿಡುವುದಿಲ್ಲ ಎಂಬುದು ತಜ್ಞರ ಅನುಭವವಾಗಿತ್ತು. ಆದರೆ ಆ ಗುಡ್ಡಗಳ ಮೇಲಿದ್ದುದು ಹುಳಿಗುಣದ, ಕೊಳೆತ ಸಸ್ಯಗಳಿಂದಾದ ಕರಿಮಣ್ಣು. ಅದರಲ್ಲಿ ಸೀಸಿಯಂ ಮತ್ತೆ ಮತ್ತೆ ಹುಲ್ಲಿಗೇರಿ ಕುರಿಗಳ ಮೈಸೇರಿತು. ಮೂರು ವಾರಗಳ ನಿರ್ಬಂಧ ಕೆಲವು ಜಮೀನುಗಳಲ್ಲಿ ಪೂರ್ತಿಯಾಗಿ ತೆರವಾದುದು 2012ರಲ್ಲಿ.

ಜೇಡಿಪುಡಿಯನ್ನು ಹುಲ್ಲಿಗೆ ಎರಚಿ ವಿಷವನ್ನು ತಗ್ಗಿಸಬಹುದೇ ಎಂದು ಪರೀಕ್ಷಿಸಲು ತಜ್ಞರು ಕುರಿಗಳನ್ನು ಬೇಲಿಯೊಳಗೆ ಕೂಡಿದರು. ಬಯಲಿನಲ್ಲಿ ಮೇಯ್ದು ರೂಢಿಯಾದ ಗುಡ್ಡದ ಕುರಿ ಬೇಲಿಯೊಳಗೆ ಸೊರಗುತ್ತದೆ, ನಿಮ್ಮ ಲೆಕ್ಕ ಕೆಡುತ್ತದೆ ಎಂದು ಕುರಿಗಾಹಿಗಳು ಮೊದಲೇ ಹೇಳಿದ್ದರು. ಹಾಗೆಯೇ ಆಗಿ ಆ ಪ್ರಯೋಗವನ್ನು ಕೈಬಿಡಬೇಕಾಯಿತು. ಮಣ್ಣಿನ ಗುಣ, ಕುರಿಯ ಸ್ವಭಾವ ಎರಡೂ ಆ ರೈತರ ಕೈಯಲ್ಲಿದ್ದ ಜ್ಞಾನ. ಅದನ್ನು ಕೇಳಲು ಖರ್ಚಾಗುತ್ತಿದ್ದುದು ಅರ್ಧ ದಿನ.

ಸ್ವರ್ಗದ ಗುಡ್ಡಗಳ ಮೇಲೆ

ಇಂಗ್ಲೆಂಡಿನ ಮಾತು ಹಾಗಿರಲಿ. ನಮ್ಮ ನುಡಿಯವರೇ ಅನುಭವಿಸಿದ ಪ್ರಸಂಗವೊಂದಿದೆ. ಕಾಸರಗೋಡು ಜಿಲ್ಲೆಯ ಕನ್ನಡ, ತುಳು, ಮಲಯಾಳ ಮಾತಾಡುವ ಹಳ್ಳಿಗಳ ನೆತ್ತಿಯ ಮೇಲೆ, ಗುಡ್ಡಗಳಲ್ಲಿ, ಸರಕಾರಿ ನಿಗಮದ ಗೇರು ತೋಟಗಳಿವೆ. ಅಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು.

ಆ ಪ್ರದೇಶದ ಮನೆಗಳಿರುವುದು ಕಣಿವೆಗಳಲ್ಲಿ. ಕುಡಿಯುವ ನೀರು ಬರುವುದು ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ, ತೋಡುಗಳಿಂದ, ತೆರೆದ ಬಾವಿಗಳಿಂದ. ಗುಡ್ಡದ ಮೇಲೆ ಬಿದ್ದುದೆಲ್ಲ ಮಳೆಗಾಲದಲ್ಲಿ ತಮ್ಮ ಕೊಡಪಾನಕ್ಕೆ ಇಳಿಯುತ್ತದೆಂದು ಅಲ್ಲಿನ ಯಾವ ಗೃಹಿಣಿಯಾದರೂ ಹೇಳಬಲ್ಲವಳಾಗಿದ್ದಳು. ಸಿಂಪಡಿಸುವ ಮೊದಲು ಅವಳ ಅಭಿಪ್ರಾಯವನ್ನು ಕೇಳಿದವರಿಲ್ಲ. ಅಂಗವಿಕಲವಾದ ಕರುಗಳು ಹುಟ್ಟುತ್ತಿರುವುದನ್ನು ಕುರಿತು ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಬರೆದರು. ಸ್ವರ್ಗ ಎಂಬ ಹೆಸರಿನ ಊರಿನ ಸುತ್ತಮುತ್ತ ನರದೌರ್ಬಲ್ಯ, ಬುದ್ಧಿಮಾಂದ್ಯ, ಕ್ಯಾನ್ಸರುಗಳು ಅಸಹಜವಾಗಿ ಹೆಚ್ಚಿರುವುದನ್ನು ಅಲ್ಲಿಯೇ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರ್ ಗುರುತಿಸಿ ಎಚ್ಚರಿಸಿದರು. ಗಡಿಯ ಈಚೆಗೆ, ದಕ್ಷಿಣ ಕನ್ನಡದ ಕೊಕ್ಕಡದ ಕಡೆಯಲ್ಲಿಯೂ ಇಂಥದೇ ಗೋಳು ಕೇಳಿಬಂತು.

ಒಬ್ಬೊಬ್ಬ ರೋಗಿಯ ಕಾಯಿಲೆಗೂ ಈ ವಿಷವೇ ಕಾರಣವೆಂದು ಖಚಿತವಾಗಿ ಸಾಧಿಸುವುದು ಸುಲಭವಲ್ಲ. ಅದರ ಬಗ್ಗೆ ವಾದವಿವಾದಗಳು ನಡೆದವು. ವಾದ ನಡೆಯುತ್ತಿದ್ದಾಗಲೇ ಮಕ್ಕಳು ಬೆಳೆದು ದೊಡ್ಡವರಾದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ತೊಡೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ ತಿಂಗಳಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಅದನ್ನು ತಡೆಯಿತು. 2017ರಲ್ಲಿ ಅದೇ ನ್ಯಾಯಾಲಯ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಮೊದಲೇ ಕೇಳಿದ್ದರೆ ಬೇಕಾಗದಿದ್ದ ಹಣ ಅದು.

ಈ ಕಥೆಗೊಂದು ಸ್ವಾರಸ್ಯಕರ ಮುಂದುವರಿಕೆಯಿದೆ. ಚೆನ್ನೈಯ ಐ.ಐ.ಟಿ.ಯಲ್ಲಿ ಪ್ರೊ. ಟಿ. ಪ್ರದೀಪ್ ಅವರ ತಂಡ, ನೀರಿನಲ್ಲಿರುವ ಎಂಡೋಸಲ್ಫಾನನ್ನು ಪತ್ತೆಮಾಡಲು ಮತ್ತು ಹೀರಿ ತೆಗೆಯಲು ಲೋಹದ ನ್ಯಾನೋ ಕಣಗಳನ್ನು ಬಳಸಬಹುದೆಂದು 2003ರಲ್ಲಿ ತೋರಿಸಿತು. ಹೀಗೆ ನೆನ್ನೆಯ ಹೊಸ ವಸ್ತುವಿನ ವಿಷಕ್ಕೆ ಇಂದಿನ ಹೊಸ ವಸ್ತು ಮದ್ದಾಗುತ್ತದೆ. ಆದ್ದರಿಂದ ಹೊಸದೆಲ್ಲ ಕೆಟ್ಟದೆಂದು ಬಾಗಿಲು ಮುಚ್ಚುವುದು ಅವಿವೇಕ. ಆದರೆ ಸವೆದ ಫಿಲ್ಟರನ್ನು ನಾವು ಕಸದ ಬುಟ್ಟಿಗೆ ಎಸೆದ ಮೇಲೆ ಅದನ್ನು ಕೈಯಿಂದ ಬಿಡಿಸುವವರು ಚಿಂದಿ ಆಯುವವರು. ಅವರನ್ನೂ ವಿಚಾರಿಸಿದ್ದೇವೆಯೇ?

ಯಾರನ್ನು, ಯಾವಾಗ, ಹೇಗೆ ಕೇಳಬೇಕು?

ವಸ್ತುವಿನ ಹುಟ್ಟಿನಿಂದ ಸಾವಿನವರೆಗಿನ ದಾರಿಯಲ್ಲಿ ನಿಂತವರೆಲ್ಲರೂ ಸಂಬಂಧಪಟ್ಟವರೇ: ತಯಾರಿಸುವ ಉದ್ಯಮಿ, ಯಂತ್ರದ ಮುಂದಿರುವ ಕಾರ್ಮಿಕ, ಮಾರುವವನು, ಬಳಸುವವನು, ತೊಳೆಯುವವನು, ಕಸ ಎತ್ತುವವನು, ಕೆಳದಾರಿಯ ರೈತ ಮತ್ತು ಮೀನುಗಾರ, ಅಲ್ಲಿನ ವೈದ್ಯ. ಮೀನು ಜೇನುಗಳು ಸಭೆಗೆ ಬರಲಾರವು. ಅವುಗಳನ್ನು ಬಲ್ಲವರು ಬರಬೇಕು.

ಕೇಳಬೇಕಾದುದು ತೀರ್ಮಾನಕ್ಕೆ ಮೊದಲು. ಮದುವೆ ಮುಗಿದ ಮೇಲೆ ಜಾತಕ ನೋಡಿ ಫಲವೇನು? ಫ್ರಾನ್ಸ್ ದೇಶದಲ್ಲಿ 2009-10ರಲ್ಲಿ ನ್ಯಾನೋ ತಂತ್ರಜ್ಞಾನವನ್ನು ಕುರಿತು ಊರೂರುಗಳಲ್ಲಿ ಸಾರ್ವಜನಿಕ ಚರ್ಚೆ ಏರ್ಪಟ್ಟಿತು. ಆದರೆ ಸರಕಾರ ಆಗಲೇ ಅಪಾರ ಹಣ ಹೂಡಿ ಮನಸ್ಸು ಮಾಡಿಯಾಗಿದೆ, ಈ ಚರ್ಚೆ ಬರಿಯ ಶಾಸ್ತ್ರಕ್ಕೆ ಎಂದು ಸಿಟ್ಟಾದ ವಿರೋಧಿಗಳು ಸಭೆಗಳಿಗೆ ಅಡ್ಡಿಪಡಿಸಿದರು. ಹಲವು ಸಭೆಗಳು ನಡೆಯಲೇ ಇಲ್ಲ.

ಇದಕ್ಕೆ ಪ್ರತಿಯಾಗಿ 2005ರಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ ಸುಮಾರು 20 ಮಂದಿ ಸಾಮಾನ್ಯ ನಾಗರಿಕರನ್ನು ಕೂಡಿಸಿ ನ್ಯಾಯಮಂಡಲಿಯಂತೆ ಕೂರಿಸಲಾಯಿತು. ಅವರು ಹಲವು ವಾರಗಳ ಕಾಲ ತಜ್ಞರನ್ನು ಸಾಕ್ಷಿಗಳಂತೆ ಪ್ರಶ್ನಿಸಿದರು. ಅವರ ಸಲಹೆಗಳಲ್ಲೊಂದು: ನ್ಯಾನೋ ಕಣಗಳಿರುವ ಪದಾರ್ಥಗಳ ಮೇಲೆ ಅದನ್ನು ಜನರಿಗೆ ತಿಳಿಯುವ ಸರಳ ಭಾಷೆಯಲ್ಲಿ ನಮೂದಿಸಬೇಕು. ಯೂರೋಪಿನ ಒಕ್ಕೂಟವು 2013ರಿಂದ ಸೌಂದರ್ಯ ಸಾಧನಗಳಲ್ಲಿ ಹೀಗೆ ನಮೂದಿಸುವುದನ್ನು ಕಡ್ಡಾಯಗೊಳಿಸಿದೆ.

ಸಾಮಾನ್ಯರಿಗೆ ರಸಾಯನಶಾಸ್ತ್ರ ತಿಳಿದೀತೇ ಎಂದು ಆಕ್ಷೇಪಿಸುವವರುಂಟು. ಬೆಳ್ಳಿಯ ವಿಷಗುಣವನ್ನು ಕೈಯೆತ್ತಿ ಮತ ಹಾಕಿ ನಿರ್ಧರಿಸಬೇಕೆಂದು ಯಾರೂ ಹೇಳುತ್ತಿಲ್ಲ. ಯಾವ ಪ್ರಶ್ನೆಗಳನ್ನು ಪರೀಕ್ಷಿಸಬೇಕು, ಯಾರ ಜೀವನದಲ್ಲಿ ಪರೀಕ್ಷಿಸಬೇಕು, ಎಷ್ಟು ಅಪಾಯವನ್ನು ಯಾವ ಪ್ರಯೋಜನಕ್ಕಾಗಿ ಒಪ್ಪಬಹುದು ಎಂಬ ಮೂರು ವಿಷಯಗಳಲ್ಲಿ ಅವರ ಮಾತು ಬೇಕು. ಸುಟ್ಟಗಾಯದ ಪಟ್ಟಿಗೆ ಬೆಳ್ಳಿ ಬೇಕೆನ್ನುವವರೇ, ಕಾಲುಚೀಲಕ್ಕೆ ಅದು ಬೇಡವೆನ್ನಬಹುದು. ಇದು ತಕ್ಕಡಿ ಹಿಡಿಯುವ ವಿವೇಕ. ಅದಕ್ಕೆ ಪದವಿ ಬೇಕಿಲ್ಲ.

ನಮ್ಮ ಕೈಯಲ್ಲಿರುವ ದಾರಿಗಳು

ನಮ್ಮ ದೇಶದಲ್ಲಿ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಅನೇಕ ದೊಡ್ಡ ಯೋಜನೆಗಳಿಗೆ ಅನುಮತಿ ಕೊಡುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಎಲ್ಲ ಕಾರ್ಖಾನೆಗಳಿಗೂ ಇದು ಅನ್ವಯಿಸದು. ಇದು ಪರೀಕ್ಷಿಸುವುದು ಕಾರ್ಖಾನೆಯನ್ನು, ಅಲ್ಲಿಂದ ಹೊರಡುವ ವಸ್ತುವಿನ ಮುಂದಿನ ಬಾಳನ್ನಲ್ಲ ಎಂಬ ಕೊರತೆಯೂ ಉಂಟು. ಆದರೂ ಇದ್ದಷ್ಟನ್ನು ಬಳಸಿಕೊಳ್ಳಬೇಕು. ಸಭೆಗೆ ಮುಂಚೆ 30 ದಿನಗಳ ಸೂಚನೆ ಕೊಡಬೇಕು. ವರದಿಯ ಸಾರಾಂಶ ಇಂಗ್ಲಿಷಿನಲ್ಲಿಯೂ ಪ್ರಾದೇಶಿಕ ಭಾಷೆಯಲ್ಲಿಯೂ ಇರಬೇಕು. ಸ್ಥಳೀಯರು ಸಭೆಯಲ್ಲಿ ಮಾತಾಡಬಹುದು, ನ್ಯಾಯವಾದ ಸಂಬಂಧವುಳ್ಳ ಇತರರು ಲಿಖಿತವಾಗಿ ಅಭಿಪ್ರಾಯ ಕಳಿಸಬಹುದು.

ಪ್ರಾದೇಶಿಕ ಭಾಷೆ ಎಂದರೆ ಮುಂಬಯಿ ಪುಣೆಗಳಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು. ಹೊಟ್ಟೆಪಾಡಿಗಾಗಿ ಬಂದು ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ನಮ್ಮವರಲ್ಲಿ ಮಾತಾಡಲು ಬಂದರೂ ಆ ಭಾಷೆಯಲ್ಲಿ ಸರಕಾರಿ ವರದಿಯನ್ನು ಓದಲಾರದವರು ಎಷ್ಟೋ ಮಂದಿ. ಭಾಷೆ ತಿಳಿಯದವನು ಸಭೆಯಲ್ಲಿದ್ದರೂ ಇಲ್ಲದಂತೆಯೇ. ಇಲ್ಲಿ ಕನ್ನಡ ಸಂಘಗಳಿಗೆ ಒಂದು ಕೆಲಸವಿದೆ. ನಮ್ಮ ಸದಸ್ಯರಲ್ಲಿ ವೈದ್ಯರಿದ್ದಾರೆ, ಇಂಜಿನಿಯರರಿದ್ದಾರೆ, ವಕೀಲರಿದ್ದಾರೆ. ಇಂಥ ವರದಿಯೊಂದು ಹೊರಟಾಗ ಅದರ ಸಾರವನ್ನು ಕನ್ನಡದಲ್ಲಿ ಎರಡು ಪುಟ ಬರೆದು, ಒಂದು ಸಂಜೆ ಕುಳಿತು ಓದಿ ಹೇಳಿದರೆ ಅದು ರಾಜ್ಯೋತ್ಸವದಷ್ಟೇ ಅರ್ಥಪೂರ್ಣವಾದ ಕನ್ನಡ ಸೇವೆ.

ಮನೆಯ ಮಟ್ಟದಲ್ಲಿಯೂ ಕೆಲವು ಎಚ್ಚರಗಳು ಸಾಧ್ಯ. ಕಲ್ನಾರಿನ ಶೀಟನ್ನು ಒಣಗಿದ್ದಾಗ ಕೊಯ್ಯಬಾರದು, ತೂತು ಕೊರೆಯಬಾರದು; ತೆಗೆಯಲೇಬೇಕಾದರೆ ನೀರಿನಿಂದ ತೋಯಿಸಿ, ಒಡೆಯದೆ ಇಳಿಸಬೇಕು. ಬಿದ್ದ ಪುಡಿಯನ್ನು ಕಸಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ಕೆಲಸ ಮಾಡಿದವರ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಹಾಕಬಾರದು. ಹೊಸ ಗುಣಗಳನ್ನು ಸಾರುವ ಪದಾರ್ಥ ಕೊಳ್ಳುವಾಗ, ಇದರಲ್ಲಿರುವುದೇನು, ಸವೆದ ಮೇಲೆ ನೀವೇ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಕೇಳಿರಿ. ಒಬ್ಬರು ಕೇಳಿದರೆ ನಕ್ಕಾರು. ನೂರು ಮಂದಿ ಕೇಳಿದರೆ ತಯಾರಕರಿಗೆ ಸುದ್ದಿ ಮುಟ್ಟುತ್ತದೆ.

ಊರಿನಲ್ಲಿ ಹೊಸ ಬಾವಿ ತೋಡುವ ಮೊದಲು ಆ ನೆಲದಲ್ಲಿ ಬಾಳಿದ ಹಿರಿಯರನ್ನು ಕೇಳುವ ಪದ್ಧತಿ ನಮ್ಮಲ್ಲಿತ್ತು. ನೀರು ತೋರಿಸುವ ಯಂತ್ರಗಳು ಬಂದ ಮೇಲೂ ಬಲ್ಲವರು ಆ ಮಾತನ್ನು ಕೇಳಿಸಿಕೊಂಡೇ ಮುಂದುವರಿಯುತ್ತಾರೆ. ಹೊಸ ವಸ್ತುಗಳ ವಿಷಯದಲ್ಲಿಯೂ ಅಷ್ಟೆ. ಯಂತ್ರದ ಅಳತೆಯೂ ಬೇಕು, ನೆಲದಲ್ಲಿ ಬಾಳುವವರ ಮಾತೂ ಬೇಕು. ಆ ಮಾತನ್ನು ಬಾವಿ ತೋಡಿದ ಮೇಲಲ್ಲ, ಗುದ್ದಲಿ ಎತ್ತುವ ಮೊದಲೇ ಕೇಳಬೇಕು.